ಬೀದರ ಸೀಮೆಯಲ್ಲಿ ‘ಓ’ಕ್ಲಾಕ್’: ಗಂಟೆ, ತಾಸು, ಬಜೆ ಪದಗಳ ಇತಿಹಾಸ

ಇಂಗ್ಲಿಷ್ ಕಲಿಯತೊಡಗಿದ ವಿದ್ಯಾರ್ಥಿಗೆ ಮೊದಮೊದಲು ಎದುರಾಗುವ ಕಾಲವಾಚಕ ಪ್ರಯೋಗಗಳಲ್ಲಿ ‘ಓ’ಕ್ಲಾಕ್’ ಎಂಬುದು ಒಂದು. ‘ಅಟ್ ಟೆನ್ ಓ’ಕ್ಲಾಕ್’ ಎಂಬುದಕ್ಕೆ ‘ಹತ್ತು ಗಂಟೆಗೆ’ ಎಂದು ಅರ್ಥ ಹೇಳಿಕೊಡುವುದು ರೂಢಿ. ಕೆಲವು ಪಾಠಗಳ ತರುವಾಯ ‘ಅವರ್’ ಎಂಬ ಶಬ್ದ ಬರುತ್ತದೆ. ಅದಕ್ಕೂ ‘ಗಂಟೆ’ ಎಂದೇ ಅರ್ಥ. ಇಂಗ್ಲಿಷಿನ ಎರಡು ಬೇರೆಬೇರೆ ಭಾವನೆಗಳಿಗೆ ಕನ್ನಡದ ಒಂದೇ ಪದ ನಿಲ್ಲುವುದರಿಂದ ವಿದ್ಯಾರ್ಥಿಯು ‘ಎರಡು ಗಂಟೆ ಕಾದೆನು’ ಎಂಬಲ್ಲಿ ‘ಟೂ ಓ’ಕ್ಲಾಕ್’ ಎಂದು ಬರೆದರೆ ತಪ್ಪು ಪೂರ್ಣವಾಗಿ ಅವನದೆನ್ನಲಾಗದು. ನಮ್ಮ ಅಭಿಪ್ರಾಯದಲ್ಲಿ ಬೀದರ, ಭಾಲ್ಕಿ, ಔರಾದ ಈ ಮೂರು ಕಡೆಗಳ ವಿದ್ಯಾರ್ಥಿಗಳಿಗಾದರೂ ಈ ಗೊಂದಲ ಬರಬೇಕಾದ ಕಾರಣವೇ ಇರಲಿಲ್ಲ. ಏಕೆಂದರೆ ಅವರ ಮನೆಮಾತಿನಲ್ಲಿ ಈ ಎರಡಕ್ಕೂ ಪ್ರತ್ಯೇಕ ಪದಗಳು ಬಹುಕಾಲದಿಂದ ಇವೆ. ಆ ಪದಗಳು ಎಲ್ಲಿಂದ ಬಂದವು, ಪಾಠಪುಸ್ತಕದಲ್ಲಿ ಅವುಗಳಿಗೆ ಎಡೆಯೇಕೆ ದೊರೆಯಲಿಲ್ಲ ಎಂಬುದನ್ನು ಇಲ್ಲಿ ವಿವೇಚಿಸಲು ಯತ್ನಿಸುತ್ತೇವೆ.

ಮೊದಲು ಇಂಗ್ಲಿಷ್ ಪದವನ್ನೇ ನೋಡೋಣ. ‘ಓ’ಕ್ಲಾಕ್’ ಎಂಬುದು ‘ಆಫ್ ದಿ ಕ್ಲಾಕ್’ ಎಂಬುದರ ಸವೆದ ರೂಪ. ಸೂರ್ಯನ ನೆರಳಿನಿಂದ ಹೊತ್ತನ್ನು ತಿಳಿಯುವುದು ಸಾಮಾನ್ಯವಾಗಿದ್ದ ಕಾಲದಲ್ಲಿ, ಇದು ನೆರಳಿನ ಹತ್ತಲ್ಲ, ಯಂತ್ರದ ಹತ್ತು ಎಂದು ತಿಳಿಸುವುದಕ್ಕಾಗಿ ಈ ಮಾತು ಹುಟ್ಟಿತು. ‘ಕ್ಲಾಕ್’ ಎಂಬ ಶಬ್ದವಾದರೋ ಮಧ್ಯಯುಗದ ಲ್ಯಾಟಿನಿನ ‘ಕ್ಲೊಕ್ಕಾ’ ಎಂಬುದರಿಂದ ಬಂದುದು. ಅದರ ಅರ್ಥ ಘಂಟೆ, ಅಂದರೆ ಬಾರಿಸುವ ಘಂಟೆ. ಹೀಗೆ ‘ಹತ್ತು ಗಂಟೆ’ ಎಂಬ ನಮ್ಮ ಮಾತೂ ‘ಟೆನ್ ಓ’ಕ್ಲಾಕ್’ ಎಂಬ ಅವರ ಮಾತೂ ಮೂಲದಲ್ಲಿ ಒಂದೇ ಕಲ್ಪನೆಯಿಂದ ಹುಟ್ಟಿವೆ. ಎರಡು ಕಡೆಯೂ ಜನರು ಹೊತ್ತನ್ನು ಕಣ್ಣಿನಿಂದ ನೋಡುವುದಕ್ಕೆ ಮೊದಲು ಕಿವಿಯಿಂದ ಕೇಳಿದ್ದಾರೆ.

ನಮ್ಮ ನಾಡಿನಲ್ಲಿ ಹಗಲು ರಾತ್ರಿಗಳೆರಡನ್ನೂ ಕೂಡಿಸಿ 60 ಗಳಿಗೆಗಳಾಗಿಯೂ 8 ಜಾವಗಳಾಗಿಯೂ ವಿಭಾಗಿಸುತ್ತಿದ್ದರು. ಇಂದಿನ ಲೆಕ್ಕದಲ್ಲಿ ಗಳಿಗೆಯೆಂದರೆ 24 ನಿಮಿಷ, ಜಾವವೆಂದರೆ ಮೂರು ಗಂಟೆ. ತಳದಲ್ಲಿ ಸಣ್ಣ ರಂಧ್ರವಿರುವ ಗಳಿಗೆಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ ಅದು ತುಂಬಿ ಮುಳುಗುವಷ್ಟು ಕಾಲವೇ ಒಂದು ಗಳಿಗೆ. ಬಟ್ಟಲು ಮುಳುಗಿದೊಡನೆ ಕಾವಲಿನವನು ಲೋಹದ ತಟ್ಟೆಯನ್ನು ಬಾರಿಸಿ ಊರಿಗೆ ತಿಳಿಸುತ್ತಿದ್ದನು. ಮೊಗಲ ದೊರೆ ಬಾಬರನು ತನ್ನ ಆತ್ಮಚರಿತ್ರೆಯಲ್ಲಿ ಹಿಂದೂಸ್ಥಾನದ ಈ ಪದ್ಧತಿಯನ್ನು ಕುತೂಹಲದಿಂದ ವರ್ಣಿಸಿ, ಆ ತಟ್ಟೆಗೆ ‘ಘಡಿಯಾಲ’ ಎಂಬ ಹೆಸರಿದ್ದುದನ್ನು ಹೇಳಿದ್ದಾನೆ. ಗಳಿಗೆಯ ಎಣಿಕೆಯನ್ನಷ್ಟೇ ಬಾರಿಸಿದರೆ ರಾತ್ರಿ ಎಚ್ಚರಗೊಂಡವನಿಗೆ ಅದು ಯಾವ ಜಾವದ ಗಳಿಗೆಯೆಂಬುದು ತಿಳಿಯುತ್ತಿರಲಿಲ್ಲವಾಗಿ, ಗಳಿಗೆಯ ಹಿಂದೆಯೇ ಜಾವದ ಎಣಿಕೆಯನ್ನೂ ಬಾರಿಸಬೇಕೆಂದು ತಾನು ಆಜ್ಞಾಪಿಸಿದುದಾಗಿಯೂ ಅವನು ಬರೆದಿದ್ದಾನೆ. ನಮ್ಮ ‘ಗಡಿಯಾರ’ ಎಂಬ ಪದ ಈ ಘಡಿಯಾಲಕ್ಕೆ ಹತ್ತಿರದ ನಂಟು.

ಈ ಬಟ್ಟಲಿನ ಸುತ್ತಲೇ ನಮ್ಮ ವಿಷಯದ ತಿರುಳಿದೆ. ಗಳಿಗೆ ಎಂಬುದರ ಮೂಲವಾದ ‘ಘಟಿಕಾ’ ಎಂದರೆ ಚಿಕ್ಕ ಗಡಿಗೆ. ಉತ್ತರ ಕರ್ನಾಟಕದಲ್ಲೆಲ್ಲ ಬಳಕೆಯಲ್ಲಿರುವ ‘ತಾಸು’ ಎಂಬ ಪದವೂ ಅದೇ ಜಾತಿಯದು. ಅರಬ್ಬಿ ಫಾರಸಿಗಳಲ್ಲಿ ‘ತಾಸ್’ ಎಂದರೆ ಬಟ್ಟಲು, ಲೋಹದ ಪಾತ್ರೆ. 14ನೆಯ ಶತಮಾನದಲ್ಲಿ ದಿಲ್ಲಿಯನ್ನಾಳಿದ ಫಿರೋಜ್‌ಶಹ ತುಘಲಕನು ಸ್ಥಾಪಿಸಿದ ಕಾಲಸೂಚಕ ಸಾಧನವನ್ನು ಆ ಕಾಲದ ಇತಿಹಾಸಕಾರನಾದ ಆಫೀಫನು ‘ತಾಸ್ ಘಡಿಯಾಲ’ ಎಂದೇ ಕರೆದಿದ್ದಾನೆ. ಆ ಫಾರಸಿ ಪದ ಮರಾಠಿಯಲ್ಲಿ ‘ತಾಸ’ ಎಂದಾಗಿ, ಕನ್ನಡದಲ್ಲಿ ‘ತಾಸು’ ಎಂದಾಗಿ, ಪಾತ್ರೆಯ ಅರ್ಥವನ್ನು ಬಿಟ್ಟುಕೊಟ್ಟು 60 ನಿಮಿಷಗಳ ಅವಧಿಯೆಂಬ ಅರ್ಥದಲ್ಲಿ ನೆಲೆನಿಂತಿತು. ಬಹಮನಿ ಅರಸರು 15ನೆಯ ಶತಮಾನದ ಪೂರ್ವಾರ್ಧದಲ್ಲಿ ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಕ್ಕೆ ತಂದಂದಿನಿಂದ ಫಾರಸಿಯೂ, ಅದರ ಬೆನ್ನಿಗೆ ದಖನಿ ಉರ್ದುವೂ ಈ ನೆಲದಲ್ಲಿ ಆಡಳಿತ ಮತ್ತು ಪೇಟೆಯ ಭಾಷೆಗಳಾಗಿ ಬೆಳೆದವು. ಔರಾದ ಭಾಲ್ಕಿಗಳ ಕಡೆ ಮರಾಠಿಯು ಕನ್ನಡದ ಮಗ್ಗುಲಲ್ಲೇ ಇತ್ತು. ತಾರೀಖು, ವಾಯಿದೆ, ಮುದ್ದತು ಮೊದಲಾದ ಕಾಲಸಂಬಂಧದ ಮಾತುಗಳೂ ಇಂತಹ ಸಂಪರ್ಕದಿಂದಲೇ ನಮಗೆ ದೊರೆತಿವೆ. ಅವನ್ನು ಯಾರೂ ಅಶುದ್ಧವೆಂದು ಹೊರಹಾಕಿಲ್ಲ.

ಈಗ ಈ ಸೀಮೆಯ ಮೂರು ಭಾಷೆಗಳನ್ನು ಒಟ್ಟಿಗೆ ಇರಿಸಿ ನೋಡಬೇಕು. ಉರ್ದುವಿನಲ್ಲಿ ‘ದೋ ಬಜೇ’ ಎಂದರೆ ಟೂ ಓ’ಕ್ಲಾಕ್. ‘ದೋ ಘಂಟೇ’ ಎಂದರೆ ಟೂ ಅವರ್ಸ್. ಮರಾಠಿಯಲ್ಲಿ ‘ದೋನ ವಾಜತಾ’ ಎಂಬುದು ಮೊದಲನೆಯದು, ‘ದೋನ ತಾಸ’ ಎಂಬುದು ಎರಡನೆಯದು. ಬಜೇ, ವಾಜತಾ ಎರಡೂ ಬಾರಿಸುವ, ಸದ್ದಾಗುವ ಅರ್ಥದ ಕ್ರಿಯಾಪದಗಳಿಂದ ಆದವು. ಈ ಭಾಗದ ಕನ್ನಡದಲ್ಲಿಯೂ ‘ಎರಡು ಗಂಟಿಗಿ ಬಂದ’ ಎಂದರೆ ಒಂದರ್ಥ, ‘ಎರಡು ತಾಸು ಕುಂತ’ ಎಂದರೆ ಬೇರೊಂದರ್ಥ. ಬಾರಿಸಿದ ಸದ್ದು ಹೊತ್ತಿನ ಬಿಂದುವನ್ನು ತೋರಿಸಿದರೆ, ತುಂಬುವ ಬಟ್ಟಲು ಹೊತ್ತಿನ ಉದ್ದವನ್ನು ತೋರಿಸಿತು. ಇದಕ್ಕಿಂತ ಸುಂದರವಾದ ವಿಭಜನೆಯನ್ನು ವ್ಯಾಕರಣಕಾರರು ಕುಳಿತು ಯೋಚಿಸಿದ್ದರೂ ಮಾಡಲಾರದೆ ಹೋಗುತ್ತಿದ್ದರೇನೋ! ಪಾಠಪುಸ್ತಕದ ಕನ್ನಡವು ಮಾತ್ರ ತೆಲುಗಿನಂತೆ ಎರಡು ಕೆಲಸಗಳನ್ನೂ ‘ಗಂಟೆ’ಯೊಂದರ ತಲೆಗೇ ಕಟ್ಟಿದೆ.

ಗಂಟೆಯ ಭಾಗಗಳನ್ನು ಹೇಳುವ ಕ್ರಮ ಇನ್ನೂ ಸ್ವಾರಸ್ಯಕರವಾಗಿದೆ. ಕನ್ನಡವು ಕಳೆದ ಗಂಟೆಗೆ ಕೂಡಿಸುತ್ತ ಹೋಗುತ್ತದೆ: ಹತ್ತೂಕಾಲು, ಹತ್ತೂವರೆ, ಹತ್ತೂಮುಕ್ಕಾಲು. ಉರ್ದುವಿನ ‘ಸವಾ ದಸ್’, ‘ಸಾಢೇ ದಸ್’ ಎಂಬವು ಇದೇ ದಾರಿಯವು. ಆದರೆ ಮುಕ್ಕಾಲಿಗೆ ಬಂದೊಡನೆ ಅದು ಮುಂದಿನ ಗಂಟೆಯನ್ನು ಹಿಡಿದು ‘ಪೌನೇ ಗ್ಯಾರಾ’, ಅಂದರೆ ಕಾಲು ಕಡಿಮೆ ಹನ್ನೊಂದು, ಎನ್ನುತ್ತದೆ. ಮರಾಠಿಯ ‘ಪಾವಣೇ ಅಕರಾ’ ಎಂಬುದೂ ಹಾಗೆಯೇ. ಇಂಗ್ಲಿಷಿನ ‘ಕ್ವಾರ್ಟರ್ ಪಾಸ್ಟ್ ಟೆನ್’, ‘ಹಾಫ್ ಪಾಸ್ಟ್ ಟೆನ್’, ‘ಕ್ವಾರ್ಟರ್ ಟು ಇಲೆವೆನ್’ ಎಂಬ ಸಾಲು ಉರ್ದು ಮರಾಠಿಗಳ ನಡಿಗೆಗೆ ಸರಿಹೊಂದುತ್ತದೆಯೇ ಹೊರತು ಕನ್ನಡದ ನಡಿಗೆಗಲ್ಲ. ಮೈಸೂರಿನ ವಿದ್ಯಾರ್ಥಿಗೆ ‘ಕ್ವಾರ್ಟರ್ ಟು’ ಎಂಬುದು ಹೊಸ ಲೆಕ್ಕ. ಬೀದರದ ಪೇಟೆಯಲ್ಲಿ ಬೆಳೆದ ವಿದ್ಯಾರ್ಥಿಗೆ ಅದು ‘ಪೌನೇ’ಯ ಇನ್ನೊಂದು ಹೆಸರು. ಮರಾಠಿಯಲ್ಲಿ ‘ಪಾವೂಣ ವಾಜತಾ’ ಎಂದಷ್ಟೇ ಹೇಳಿದರೆ ಮಧ್ಯಾಹ್ನದ ಹನ್ನೆರಡೂಮುಕ್ಕಾಲು ಎಂದರ್ಥ. ಕನ್ನಡಿಗನು ಅದನ್ನು ಪದಕ್ಕೆ ಪದವಿಟ್ಟು ‘ಮುಕ್ಕಾಲು ಗಂಟೆಗೆ’ ಎಂದರೆ ಯಾರಿಗೂ ತಿಳಿಯಲಾರದು. ಇಂಗ್ಲಿಷಿನಲ್ಲಿ ಓ’ಕ್ಲಾಕ್ ಎಂಬುದು ಪೂರ್ಣ ಗಂಟೆಗಳಿಗೆ ಮಾತ್ರ ಸಲ್ಲುತ್ತದೆ ಎಂಬುದನ್ನೂ ಇಲ್ಲಿಯೇ ಹೇಳಬೇಕು. ‘ಹತ್ತೂವರೆ ಗಂಟೆಗೆ’, ‘ಸಾಢೇ ದಸ್ ಬಜೇ’ ಎಂಬ ನಮ್ಮ ರೂಢಿಯನ್ನು ಅನುಸರಿಸಿ ‘ಟೆನ್ ಥರ್ಟಿ ಓ’ಕ್ಲಾಕ್’ ಎನ್ನುವುದು ಮೂರೂ ಭಾಷೆಗಳವರು ಸಮಾನವಾಗಿ ಮಾಡುವ ತಪ್ಪು; ಈ ಒಂದು ವಿಷಯದಲ್ಲಿ ಮನೆಮಾತು ಸಹಾಯಕ್ಕೆ ಬರುವುದಿಲ್ಲ.

ಬೀದರ ಪಟ್ಟಣದ ನಡುವೆ ನಿಂತಿರುವ ಚೌಬಾರವು ಮೂಲತಃ ಕಾವಲಿನ ಗೋಪುರ. ಸುಮಾರು 71 ಅಡಿ ಎತ್ತರದ ಈ ಗೋಪುರದ ನೆತ್ತಿಯಲ್ಲಿ ಈಗ ಗಡಿಯಾರವಿದೆ. 1906ರ ಜನವರಿ 1ರಂದು ಜಾರಿಗೆ ಬಂದ ಭಾರತೀಯ ಪ್ರಮಾಣ ಕಾಲವು 82½ ಡಿಗ್ರಿ ಪೂರ್ವ ರೇಖಾಂಶದ್ದು; ಬೀದರವಾದರೋ 77½ ಡಿಗ್ರಿಯ ಸಮೀಪದಲ್ಲಿದೆ. ಆದುದರಿಂದ ಇಲ್ಲಿಯ ಸೂರ್ಯನು ಗಡಿಯಾರಕ್ಕಿಂತ ಸರಾಸರಿ 20 ನಿಮಿಷ ಹಿಂದಿರುತ್ತಾನೆ. ‘ಗಡಿಯಾರದ ಹನ್ನೆರಡು’ ಬೇರೆ, ನೆತ್ತಿಯ ಮೇಲಿನ ಹೊತ್ತು ಬೇರೆ ಎಂಬ ಹಳೆಯ ಇಂಗ್ಲಿಷ್ ಭೇದವು ಇಲ್ಲಿ ಇಂದಿಗೂ ಅಕ್ಷರಶಃ ನಿಜ. ವಿಕಾರಾಬಾದಿನಿಂದ ಬೀದರ, ಭಾಲ್ಕಿ, ಕಮಲನಗರಗಳ ಮೇಲೆ ಪರಳಿಯ ಕಡೆಗೆ ಹೋಗುವ ರೈಲುದಾರಿಯು ನಿಜಾಮರ ಆಳಿಕೆಯಲ್ಲಿ ಬಂದಮೇಲೆ ನಿಮಿಷದ ಲೆಕ್ಕವೂ ಬೇಕಾಯಿತು. ಹೊಲದಲ್ಲಿ ಮಾತ್ರ ‘ಮಾರುದ್ದ ಹೊತ್ತು ಏರಿತು’ ಎಂಬ ಮಾತು ಉಳಿಯಿತು.

ಹೈದರಾಬಾದ ಸಂಸ್ಥಾನದಲ್ಲಿ ಶಿಕ್ಷಣ, ನ್ಯಾಯಾಲಯಗಳ ಭಾಷೆ ಉರ್ದು. ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡ ಕಲಿಸಿದ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರ ಕಥೆ ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳಿಕೆ ಕೊನೆಗೊಂಡು, 1956ರ ನವೆಂಬರ್ 1ರಂದು ಬೀದರ, ಭಾಲ್ಕಿ, ಔರಾದ, ಹುಮನಾಬಾದ ತಾಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ಕನ್ನಡ ಶಾಲೆ ಹಕ್ಕಾಗಿ ದೊರೆಯಿತು. ಬಹುಕಾಲ ಹಂಬಲಿಸಿದ ಕನ್ನಡವು ಪುಸ್ತಕರೂಪದಲ್ಲಿ ಬಂದಾಗ ಅದರ ಪ್ರತಿ ಪದವೂ ಪ್ರಮಾಣವೆಂದು ತೋರಿದುದು ಸಹಜವೇ. ಆದರೆ ಆ ಪುಸ್ತಕದಲ್ಲಿ ‘ತಾಸು’ ಇರಲಿಲ್ಲ. ‘ತಾಸು’ ಎಂದವನಿಗೆ ‘ಗಂಟೆ ಎನ್ನು’ ಎಂದು ತಿದ್ದುವ ಪದ್ಧತಿ ಬೆಳೆಯಿತು. ‘ಗಂಟೆ’ಯೂ ಸಂಸ್ಕೃತದಿಂದ ಬಂದ ಎರವಲೆಂಬುದನ್ನು ತಿದ್ದುವವರು ನೆನೆಯಲಿಲ್ಲ.

ಇದು ಶಾಲೆಯ ಹುಡುಗರ ವಿಷಯವಷ್ಟೇ ಅಲ್ಲ. ನಿಜಾಮರ ಕಾಲದ ಉರ್ದು ಕಾಗದಪತ್ರಗಳನ್ನು ಕನ್ನಡಿಸುವ ಸಂಶೋಧಕ ವಿದ್ಯಾರ್ಥಿಗಳೂ ಇಲ್ಲಿ ಎಡವುವ ಸಂಭವವುಂಟು. ಅವುಗಳಲ್ಲಿಯ ವರ್ಷವು ಫಸಲಿ. 590 ಕೂಡಿಸಿದರೆ ಇಸವಿ ಬರುವುದಾದರೂ ಅಲ್ಲಿಯ ಫಸಲಿ ವರ್ಷ ಅಕ್ಟೋಬರಿನಲ್ಲಿ ಆರಂಭವಾಗುತ್ತಿದ್ದುದರಿಂದ ಜನವರಿಯಿಂದ ಮುಂದಿನ ತಿಂಗಳುಗಳಿಗೆ 591ನ್ನು ಕೂಡಿಸಬೇಕು. ಇದಕ್ಕೆ ಕೋಷ್ಟಕಗಳಿವೆ. ಗಂಟೆಗೆ ಕೋಷ್ಟಕವಿಲ್ಲ. ಸಾಕ್ಷಿಯೊಬ್ಬನ ಹೇಳಿಕೆಯಲ್ಲಿ ‘ಡೇಢ್ ಬಜೇ ಕೇ ಬಾದ್’ ಎಂದಿದ್ದರೆ ಗಡಿಯಾರದಲ್ಲಿ ಒಂದೂವರೆ ಆದ ಬಳಿಕ ಎಂದರ್ಥ. ‘ಡೇಢ್ ಘಂಟೇ ಕೇ ಬಾದ್’ ಎಂದಿದ್ದರೆ ಹಿಂದೆ ಹೇಳಿದ ಘಟನೆಯಾಗಿ 90 ನಿಮಿಷಗಳು ಕಳೆದಮೇಲೆ ಎಂದರ್ಥ. ಪಾಠಪುಸ್ತಕದ ಕನ್ನಡದಲ್ಲಿ ಎರಡೂ ‘ಒಂದೂವರೆ ಗಂಟೆಯ ನಂತರ’ ಎಂದೇ ಆಗುತ್ತವೆ. ಆರೋಪಿಯು ಆ ಹೊತ್ತಿಗೆ ಎಲ್ಲಿದ್ದನೆಂಬುದೇ ಅಳಿಸಿಹೋಗುತ್ತದೆ. ಔರಾದದ ರೈತನನ್ನು ಕೇಳಿದರೆ ಅವನು ಮೊದಲನೆಯದನ್ನು ‘ಒಂದೂವರೆ ಗಂಟೆಯ ಮೇಲೆ’ ಎಂದೂ ಎರಡನೆಯದನ್ನು ‘ಒಂದೂವರೆ ತಾಸಿನ ಮೇಲೆ’ ಎಂದೂ ಸಲೀಸಾಗಿ ಬೇರ್ಪಡಿಸಿ ಹೇಳುತ್ತಾನೆ.