ವಯನಾಡಿನ ಜೈನ ಕೃಷಿಕರು: ಏಳಿಗೆ ಮತ್ತು ಇಳಿಮುಖ

ಭಗವಾನ್ ಆದಿನಾಥ ಸ್ವಾಮಿಯು ಕರ್ಮಭೂಮಿಯ ಆರಂಭದಲ್ಲಿ ಉಪದೇಶಿಸಿದ ಅಸಿ, ಮಸಿ, ಕೃಷಿ, ವಾಣಿಜ್ಯ, ವಿದ್ಯೆ, ಶಿಲ್ಪಗಳೆಂಬ ಷಟ್ಕರ್ಮಗಳಲ್ಲಿ ಕೃಷಿಯೂ ಒಂದೆಂಬುದು ಸರ್ವವಿದಿತ. ಜೈನರೆಂದರೆ ವ್ಯಾಪಾರಿಗಳೆಂಬ ಭಾವನೆ ಹೊರಗಿನವರಲ್ಲಿ ಬಲವಾಗಿದ್ದರೂ, ಭೂಮಿಯನ್ನೇ ನಂಬಿ ಬಾಳಿ ಬಸದಿಗಳನ್ನು ಬೆಳಗಿಸಿದ ಶ್ರಾವಕ ಸಮುದಾಯಗಳು ಹಲವಿವೆ. ಕೇರಳದ ವಯನಾಡಿನ ಜೈನ ಗೌಡರ ಸಮುದಾಯವು ಅವುಗಳಲ್ಲೊಂದು.

ಕನ್ನಡನಾಡಿನಿಂದ ಹೋಗಿ ಆ ಮಲೆಸೀಮೆಯಲ್ಲಿ ನೆಲೆಸಿದ ಈ ಬಂಧುಗಳು ತಗ್ಗಿನ ಬಯಲುಗಳಲ್ಲಿ ಭತ್ತವನ್ನೂ, ಇಳಿಜಾರುಗಳಲ್ಲಿ ಕಾಳುಮೆಣಸನ್ನೂ, ಮುಂದೆ ಕಾಫಿಯನ್ನೂ ಬೆಳೆದು ಏಳಿಗೆ ಹೊಂದಿದರು. ಇಂದಿನ ಸುಲ್ತಾನ್ ಬತ್ತೇರಿಗೆ ಹಿಂದೆ 'ಹನ್ನೆರಡು ಬೀದಿ' ಎಂಬ ಕನ್ನಡದ ಹೆಸರಿತ್ತೆಂದು ಹೇಳುವ ರೂಢಿಯಿದೆ. ಕಲ್ಪೆಟ್ಟದ ಬಳಿಯ ಪುಳಿಯಾರ್‌ಮಲೆಯ ಅನಂತನಾಥ ಸ್ವಾಮಿ ಬಸದಿಯು ಈ ಸಮುದಾಯದ ಭಕ್ತಿಗೆ ಸಾಕ್ಷಿಯಾಗಿದೆ. ಕೇಂದ್ರ ಸಚಿವರಾಗಿದ್ದ ಸಾಹಿತಿ ಎಂ. ಪಿ. ವೀರೇಂದ್ರಕುಮಾರ್ (1936–2020) ಅವರು ಕಲ್ಪೆಟ್ಟದ ಇಂತಹದೇ ಕೃಷಿಕ ಮನೆತನದಲ್ಲಿ ಜನಿಸಿದವರು.

ಇಳಿಮುಖಕ್ಕೆ ಕಾರಣಗಳು ಹಲವು. ಹದಿನೆಂಟನೆಯ ಶತಮಾನದಲ್ಲಿ ಬತ್ತೇರಿಯ ಶಿಲಾಮಯ ಬಸದಿಯು ಟಿಪ್ಪುಸುಲ್ತಾನನ ಸೇನೆಯ ಮದ್ದುಗುಂಡುಗಳ ಉಗ್ರಾಣವಾಯಿತು. ಊರಿನ ಈಗಿನ ಹೆಸರೂ ಅದರಿಂದಲೇ ಬಂದಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ವಯನಾಡು ಕೇರಳಕ್ಕೆ ಸೇರಲು, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲೆಯಾಳವೆಂಬ ಸ್ಥಿತಿ ಸಹಜವಾಯಿತು. 1970ರ ಜನವರಿ 1ರಿಂದ ಜಾರಿಗೆ ಬಂದ ಭೂಸುಧಾರಣೆಯಿಂದ ಗೇಣಿಗೆ ಕೊಟ್ಟ ಭೂಮಿಯ ಒಡೆತನವು ಕೊನೆಗೊಂಡಿತು. ಉಳುವವನಿಗೆ ನೆಲ ದೊರೆತುದು ನ್ಯಾಯವೇ ಸರಿ. ಆದರೆ ಗೇಣಿಯ ಅಕ್ಕಿಯನ್ನು ನೆಚ್ಚಿದ್ದ ಮನೆಗಳಿಗೆ ಅದು ದೊಡ್ಡ ಪೆಟ್ಟಾಯಿತು. ಕಾಫಿ ತೋಟಗಳಿಗೆ ಭೂಮಿತಿಯಿಂದ ವಿನಾಯಿತಿಯಿದ್ದರೂ ಅವು ದಾಯಾದಿಗಳಲ್ಲಿ ಹಂಚಿ ಕಿರಿದಾದವು. ಮೆಣಸಿನ ಬಳ್ಳಿಗೆ ಸೊರಗು ರೋಗ ತಗುಲಿತು. 2000ದ ಸುಮಾರಿಗೆ ಕಾಫಿಯ ಬೆಲೆ ಕುಸಿಯಿತು. ವಿದ್ಯಾವಂತ ಯುವಕರು ನಗರಗಳ ಹಾದಿ ಹಿಡಿದರು. 2011ರ ಜನಗಣತಿಯಲ್ಲಿ ಇಡೀ ಕೇರಳದ ಜೈನರು, ಅನ್ಯ ಪ್ರಾಂತಗಳಿಂದ ಬಂದ ವರ್ತಕರೂ ಸೇರಿ, 4,489 ಮಂದಿ ಮಾತ್ರ.

ಇವೆರಡು ಬಸದಿಗಳನ್ನು ಒಟ್ಟಿಗೆ ನೆನೆದರೆ ಒಂದು ಸತ್ಯ ಮನದಟ್ಟಾಗುತ್ತದೆ. ಬತ್ತೇರಿಯ ಬಸದಿಯ ಕಲ್ಲುಗಳು ಇಂದಿಗೂ ಗಟ್ಟಿಯಾಗಿವೆ. ಪುರಾತತ್ತ್ವ ಇಲಾಖೆಯ ರಕ್ಷಣೆಯೂ ಅದಕ್ಕಿದೆ. ಆದರೆ ಅದೀಗ ಸ್ಮಾರಕವೇ ಹೊರತು ಪೂಜಾಸ್ಥಾನವಲ್ಲ. ಪುಳಿಯಾರ್‌ಮಲೆಯಲ್ಲಾದರೋ ಸುತ್ತಣ ಶ್ರಾವಕರ ಮನೆಗಳ ಆಶ್ರಯದಲ್ಲಿ ಪೂಜೆ ನಡೆದುಬಂದಿದೆ. ಶಿಲೆಯು ಕಟ್ಟಡವನ್ನು ಉಳಿಸಬಲ್ಲುದು. ಬಸದಿಯನ್ನು ಉಳಿಸುವುದು ಅದರ ನೆರೆಯ ಮನೆಗಳು.

ಪ್ರತಿಷ್ಠೆಯ ಈ ಶುಭಸಂದರ್ಭದಲ್ಲಿ ಬಿಂಬಕ್ಕೆ ಸಲ್ಲುವ ಗೌರವದ ಜೊತೆಗೆ, ನಾಳೆ ದೀಪ ಹಚ್ಚಬೇಕಾದ ಮನೆಗಳ ಯೋಗಕ್ಷೇಮವನ್ನೂ ಸಮಾಜವು ಚಿಂತಿಸಲಿ. ಊರಿನಲ್ಲಿ ಉಳಿದು ಭೂಮಿಯನ್ನು ನೋಡಿಕೊಳ್ಳುವ ತರುಣನಿಗೆ ನೀಡುವ ನೆರವು ಬಸದಿಗೆ ನೀಡುವ ದಾನಕ್ಕಿಂತ ಕಡಿಮೆಯದಲ್ಲ.