ಅಪ್ಪನ ಪಕ್ಷ, ಮಗನ ಮತ

ಬ್ರಿಟನ್ನಿನಲ್ಲಿ ಒಂದು ಕಾಲಕ್ಕೆ ಮತವೂ ಪಿತ್ರಾರ್ಜಿತವಾಗಿತ್ತು. ಗಣಿ ಕಾರ್ಮಿಕನ ಮನೆ ಎಂದರೆ ಲೇಬರ್, ಬ್ಯಾಂಕ್ ಮ್ಯಾನೇಜರನ ಮನೆ ಎಂದರೆ ಕನ್ಸರ್ವೇಟಿವ್. 1951ರಲ್ಲಿ ಈ ಎರಡೇ ಪಕ್ಷಗಳು ನೂರಕ್ಕೆ ಸುಮಾರು 97 ಮತಗಳನ್ನು ಹಂಚಿಕೊಂಡಿದ್ದವು. ಮತದಾರರ ಅಧ್ಯಯನ ಅಲ್ಲಿ ಬೆಳೆದದ್ದು ಈ ನಿಂತ ನೀರಿನ ಕಾಲದಲ್ಲಿ. ಅದರ ಮೊದಲ ಸಿದ್ಧಾಂತಗಳಿಗೆ ಆ ಕಾಲದ ಬಣ್ಣ ಅಂಟಿಕೊಂಡಿದೆ.

ಚುನಾವಣಾ ಅಧ್ಯಯನಕಾರರಾದ ಬ್ರಿಟನ್ನಿನ ಡೇವಿಡ್ ಬಟ್ಲರ್ ಮತ್ತು ಅಮೆರಿಕದ ಡೊನಾಲ್ಡ್ ಸ್ಟೋಕ್ಸ್ 1963ರಲ್ಲಿ ಮತದಾರರನ್ನು ಮಾತಾಡಿಸಲು ಹೊರಟರು. 1969ರಲ್ಲಿ ಅವರ ‘ಪೊಲಿಟಿಕಲ್ ಚೇಂಜ್ ಇನ್ ಬ್ರಿಟನ್’ ಬಂತು. ಪಕ್ಷನಿಷ್ಠೆ ಎಳವೆಯಲ್ಲಿ ಮನೆಯಲ್ಲೇ ಮೊಳೆತು, ಮತ ಹಾಕುತ್ತ ಹೋದಂತೆ ಗಟ್ಟಿಯಾಗುತ್ತದೆ ಎಂಬುದು ಅವರ ವಾದದ ತಿರುಳು. ಆದರೆ ಅದೇ ಜನರನ್ನು ಮತ್ತೆ ಮತ್ತೆ ಕೇಳಿದಾಗ ಒಳಗೊಳಗೇ ಸಾಕಷ್ಟು ಅದಲುಬದಲು ನಡೆದದ್ದೂ ಅವರಿಗೆ ಕಂಡಿತ್ತು. ಅತ್ತಿಂದಿತ್ತ ಬಂದವರೂ ಇತ್ತಿಂದತ್ತ ಹೋದವರೂ ಸರಿಸಮವಾದರೆ, ಮತ ಯಾವ ಪಕ್ಷದತ್ತ ವಾಲಿತೆಂದು ತೋರಿಸುವ ಬಿಬಿಸಿಯ ‘ಸ್ವಿಂಗೋಮೀಟರ್’ ಮುಳ್ಳು ಅಲುಗುವುದೇ ಇಲ್ಲ! ಪುಸ್ತಕದ ಈ ಭಾಗವನ್ನು ಮುಂದಿನವರು ಇನ್ನಷ್ಟು ಗಂಭೀರವಾಗಿ ಓದಬೇಕಿತ್ತು.

1974ರ ಫೆಬ್ರವರಿಯಲ್ಲಿ ಲಿಬರಲ್ ಪಕ್ಷದ ಪಾಲು ಶೇ. 19 ದಾಟಿತು. ಸಂಶೋಧಕರಾದ ಐವರ್ ಕ್ರೂ, ಬೊ ಸಾರ್ಲ್ವಿಕ್ ಮತ್ತು ಜೇಮ್ಸ್ ಆಲ್ಟ್ 1977ರಲ್ಲಿ ನಿಷ್ಠೆಯ ಬಂಧವೇ ಸಡಿಲುತ್ತಿದೆ ಎಂದರು. ಲೇಬರ್ ಒಡೆದು 1981ರಲ್ಲಿ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಹುಟ್ಟಿತು. 1983ರಲ್ಲಿ ಲಿಬರಲ್ಲರ ಜತೆಗಿನ ಅದರ ಮೈತ್ರಿಕೂಟ ಶೇ. 25.4 ಮತ ಪಡೆದೂ 23 ಸ್ಥಾನಕ್ಕೇ ನಿಂತಿತು, ಶೇ. 27.6 ಪಡೆದ ಲೇಬರ್‌ಗೆ 209. ಆಂಥೊನಿ ಹೀತ್, ರೋಜರ್ ಜೋವೆಲ್, ಜಾನ್ ಕರ್ಟಿಸ್ 1985ರಲ್ಲಿ ತಕರಾರು ತೆಗೆದರು: ವರ್ಗದ ಹಿಡಿತ ಕರಗಿಲ್ಲ, ಕಾರ್ಮಿಕ ವರ್ಗವೇ ಸಣ್ಣದಾಗಿದೆ. ನನ್ನ ಮಟ್ಟಿಗೆ ಆ ಹೊತ್ತಿನ ಲೇಬರ್ ಸೋಲಿಗೆ ಇದು ಒಳ್ಳೆಯ ವಿವರಣೆ, ಮುಂದಿನ ದಶಕಗಳಿಗೆ ಸಾಲದು.

ಆಮೇಲೆ ಬಂದ ‘ಆಡಳಿತ ಸಾಮರ್ಥ್ಯ ನೋಡಿ ಮತ’ ಎಂಬ ವಾದ ಲೇಬರ್ ಪ್ರಧಾನಿ ಟೋನಿ ಬ್ಲೇರ್ ಕಾಲಕ್ಕೆ ಹೊಂದುತ್ತಿತ್ತು. 2015ರಲ್ಲಿ ಸ್ಕಾಟ್ಲೆಂಡಿನ 59 ಸ್ಥಾನಗಳಲ್ಲಿ 56 ಸ್ಕಾಟಿಷ್ ನ್ಯಾಷನಲ್ ಪಕ್ಷದ ಪಾಲಾದಾಗ, ಮರುವರ್ಷ ಯುರೋಪಿಯನ್ ಒಕ್ಕೂಟ ಬಿಡುವ ಬ್ರೆಕ್ಸಿಟ್ ಜನಮತ ಬಂದಾಗ ಆ ವಾದವೂ ತಡವರಿಸಿತು. ಎಡ್ ಫೀಲ್ಡ್‌ಹೌಸ್ ಮತ್ತು ಸಂಗಡಿಗರು 2020ರಲ್ಲಿ, ಇಂಥ ಆಘಾತಗಳೇ ಸಡಿಲ ಮತದಾರರನ್ನು ಅತ್ತಿತ್ತ ತಳ್ಳುತ್ತವೆ ಎಂದು ತೋರಿಸಿದರು. 1966ರಲ್ಲಿ ಹಿಂದಿನ ಚುನಾವಣೆಯ ಪಕ್ಷ ಬಿಟ್ಟವರು ಶೇ. 13ರಷ್ಟು, 2015ರಲ್ಲಿ ಶೇ. 43. ಒಂದು ಎಚ್ಚರಿಕೆ: ಹಿಂದೆ ಯಾರಿಗೆ ಹಾಕಿದೆ ಎಂಬುದನ್ನು ಜನ ಇಂದಿನ ಒಲವಿಗೆ ತಕ್ಕಂತೆ ನೆನೆಯುತ್ತಾರೆ. ಹಾಗಾಗಿ ಅದೇ ವ್ಯಕ್ತಿಯನ್ನು ಆಗಿಂದಾಗ್ಗೆ ಕೇಳಿದ ಸಮೀಕ್ಷೆಯನ್ನಷ್ಟೇ ನಂಬಬೇಕು.

ಆದರೂ ಮತದಾರ ದಿಕ್ಕೆಟ್ಟ ಎನ್ನಲಾರೆ. 2019ರಲ್ಲಿ ಬೋಲ್ಸೋವರ್‌ನಂಥ ಹಳೆಯ ಗಣಿಸೀಮೆ ಲೇಬರ್ ಕೈಬಿಟ್ಟದ್ದರ ಹಿಂದೆ ಬ್ರೆಕ್ಸಿಟ್ ನಿಷ್ಠೆಯಿತ್ತು. ಪಕ್ಷದ ಜಾಗಕ್ಕೆ ಬೇರೊಂದು ಗುರುತು ಬಂದು ಕೂತಿತ್ತು. ಹಳೆಯ ಪಕ್ಷನಿಷ್ಠೆ ಮಾತ್ರ ಮರಳಲಿಲ್ಲ: 2024ರಲ್ಲಿ ಲೇಬರ್ ಶೇ. 33.7 ಮತಕ್ಕೆ 411 ಸ್ಥಾನ ಗೆದ್ದಿತು. ಎರಡು ಹಳೆಯ ಪಕ್ಷಗಳ ಮತ ಕೂಡಿಸಿದರೂ ಶೇ. 58 ಮುಟ್ಟಲಿಲ್ಲ.