ಇಂಗ್ಲಿಷರ ಹಳೆಯ ಬಂದರಿಗೆ ಎರಡು ದಿನ

ಮೂಡಲಗಿ, ಗೋಕಾಕ, ಹುಕ್ಕೇರಿ ಭಾಗದ ನಮ್ಮ ಕುಟುಂಬಗಳು ರಜೆಯಲ್ಲಿ ಕಡಲನ್ನು ಕಾಣಬೇಕೆಂದರೆ ಮೊದಲು ನೆನೆಯುವುದು ಗೋವೆಯನ್ನು. ಸಂತ ಫ್ರಾನ್ಸಿಸ್ ಝೇವಿಯರ್‌ರ ಪವಿತ್ರ ಶರೀರ ಅಲ್ಲಿರುವಾಗ ಇದು ಸಹಜವೇ. ಆದರೆ ಕ್ರಿಸ್ಮಸ್ ಕಳೆದ ವಾರದಲ್ಲಿ ಅಲ್ಲಿನ ವಸತಿಯ ದರ ಕೇಳಿ ಹಿಂಜರಿಯುವವರೂ ಉಂಟು. ಅಂಥವರು ಒಮ್ಮೆ ಕಾರವಾರದ ಕಡೆಗೆ ಮುಖ ಮಾಡಬಹುದು. ಮುಂಬಯಿ ಇಂಗ್ಲಿಷರ ಕೈಸೇರುವುದಕ್ಕೆ ಮೊದಲೇ ಅವರು ವ್ಯಾಪಾರಕ್ಕೆ ನೆಲೆಯೂರಿದ ಬಂದರು ಅದು.

1638ರಲ್ಲಿ ಸರ್ ವಿಲಿಯಂ ಕೋರ್ಟೀನನ ವರ್ತಕರ ಕೂಟ ಅಲ್ಲಿ ಕೋಠಿಯನ್ನು ತೆರೆಯಿತು. ಆಗ ಕಾರವಾರವೂ ನಮ್ಮ ಗೋಕಾಕವೂ ಬಿಜಾಪುರದ ಆದಿಲ್‌ಶಾಹಿಗೆ ಸೇರಿದ್ದವು. ಮೆಣಸು, ಏಲಕ್ಕಿಗಳ ಆಸೆ ಅವರಿಗಿತ್ತು ನಿಜ. ಆದರೆ ಬಂದರಿಗೆ ಹೆಸರು ತಂದದ್ದು ಬಟ್ಟೆ. ಪಶ್ಚಿಮ ಕರಾವಳಿಯಲ್ಲೇ ಶ್ರೇಷ್ಠವೆನಿಸಿದ ಮಸ್ಲಿನ್ ಕಾರವಾರದಿಂದ ಹಡಗು ಏರುತ್ತಿತ್ತು. ಅದನ್ನು ನೇಯುತ್ತಿದ್ದವರು ಕಡಲಿನವರಲ್ಲ, ಹುಬ್ಬಳ್ಳಿಯ ಸುತ್ತಲಿನ ಬಯಲುಸೀಮೆಯವರು. ಐವತ್ತು ಸಾವಿರದವರೆಗೆ ನೇಕಾರರು ಇಂಗ್ಲಿಷರಿಗಾಗಿ ದುಡಿಯುತ್ತಿದ್ದರೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಕೋಠಿಯ ಅಧಿಕಾರಿಗಳ ಹೆಸರು ದಾಖಲೆಗಳಲ್ಲಿ ಉಳಿದಿವೆ. ಈ ನೇಕಾರರ ಹೆಸರುಗಳನ್ನು ಬರೆದಿಟ್ಟವರಿಲ್ಲ. ಕೊರಿಂಥವೆಂಬ ಬಂದರು ನಗರದಲ್ಲಿ ಗುಡಾರ ಕಟ್ಟುವ ಅಕ್ವಿಲ, ಪ್ರಿಸ್ಕಿಲ್ಲರ ಮನೆಯಲ್ಲಿ ಕೈಕೆಲಸ ಮಾಡುತ್ತ ತಂಗಿದ್ದ ಸಂತ ಪೌಲರು ಅವರಿಬ್ಬರ ಹೆಸರನ್ನು ತಮ್ಮ ಪತ್ರಗಳಲ್ಲಿ ಮರೆಯದೆ ಬರೆದರು. ಕಂಪನಿಯ ಲೆಕ್ಕದ ಪುಸ್ತಕಕ್ಕೆ ಆ ಗುಣವಿರಲಿಲ್ಲ.

ಕೋಠಿಯ ಬಾಳು ಸುಖದ್ದಾಗಿರಲಿಲ್ಲ. 1665ರಲ್ಲಿ ಶಿವಾಜಿ ಮಹಾರಾಜರ ಸೈನ್ಯ ಬಂದಾಗ ಇಂಗ್ಲಿಷರು 112 ಪೌಂಡುಗಳ ಪಾಲು ತೆತ್ತರು. 1684ರಲ್ಲಿ ಹಡಗಿನ ಸಿಬ್ಬಂದಿ ಊರಿನ ಹಸುವೊಂದನ್ನು ಕದ್ದು ಕೊಂದರು. ಊರವರ ಕೋಪಕ್ಕೆ ಸಿಕ್ಕಿ ಕೋಠಿಯೇ ಮುಚ್ಚುವ ಸ್ಥಿತಿ ಬಂತು. ಅತಿಥಿಯಾಗಿ ಬಂದವನು ಮನೆಯವರ ಶ್ರದ್ಧೆಯನ್ನು ಗೌರವಿಸದಿದ್ದರೆ ಇನ್ನೇನಾದೀತು? 1720ರಲ್ಲಿ ಕೋಠಿ ಮುಚ್ಚಿತು, 1750ರಲ್ಲಿ ಮತ್ತೆ ತೆರೆಯಿತು. 1752ರಲ್ಲಿ ಪೋರ್ತುಗೀಜರು ಸದಾಶಿವಗಡವನ್ನು ಹಿಡಿದು ವ್ಯಾಪಾರವೆಲ್ಲ ತಮ್ಮದೆಂದಾಗ ಇಂಗ್ಲಿಷರು ಹೊರಟುಹೋದರು.

ಇಂದಿನ ಊರು ಹುಟ್ಟಿದ್ದು 1862ರ ಬಳಿಕ, ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದಾಗ. ಅಮೆರಿಕದ ಅಂತರ್ಯುದ್ಧದಿಂದ ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ಸಿಗದಾಗಿತ್ತು; ಧಾರವಾಡ ಸೀಮೆಯ ಹತ್ತಿಗೆ ಬಂದರು ಬೇಕಾಗಿತ್ತು. ಹಿಂದೆ ನೇಯ್ದ ಬಟ್ಟೆ ಇಳಿದ ಘಟ್ಟದಲ್ಲಿ ಈಗ ಬರಿಯ ಹತ್ತಿ ಇಳಿಯಿತು. ನಮ್ಮ ಸೀಮೆಯ ಇತಿಹಾಸವನ್ನು ಇಷ್ಟು ಚಿಕ್ಕದಾಗಿ ಹೇಳುವ ಮಾತು ಇನ್ನೊಂದಿಲ್ಲವೆಂದು ನನಗೆ ತೋರುತ್ತದೆ. ಆದರೆ ರೈಲು ಕಾರವಾರಕ್ಕೆ ಬರಲಿಲ್ಲ. 1880ರ ದಶಕದಲ್ಲಿ ಅದು ಗೋವೆಯ ಮುರಗಾಂವಿಗೆ ಹೋಯಿತು. ಅದೇ ದಶಕದಲ್ಲಿ ಗೋಕಾಕ ಜಲಪಾತದ ಬಳಿ ಗಿರಣಿಯೆದ್ದು ಹತ್ತಿ ಇಲ್ಲಿಯೇ ನೂಲಾಗತೊಡಗಿತು. ಹುಬ್ಬಳ್ಳಿ–ಅಂಕೋಲಾ ರೈಲು ಇಂದಿಗೂ ಓಡುತ್ತಿಲ್ಲ.

ಆದ್ದರಿಂದ ಬಸ್ಸೇ ಗತಿ, ಮತ್ತು ಅದೇ ಅಗ್ಗ. ಯರಗಟ್ಟಿ, ಧಾರವಾಡ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ಮಾರ್ಗ ರಾಜ್ಯದೊಳಗೇ ಸಾಗುವುದರಿಂದ, 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಂತೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ತಾಯಂದಿರಿಗೂ ಹೆಣ್ಣುಮಕ್ಕಳಿಗೂ ಟಿಕೆಟ್ ದರವಿಲ್ಲ. ಗುರುತಿನ ಚೀಟಿ ಮರೆಯಬಾರದು. ಅರಬೈಲ್ ಘಟ್ಟವನ್ನು ಹಗಲಿನಲ್ಲೇ ಇಳಿಯುವಂತೆ ಹೊರಡಿರಿ. ಹತ್ತಿಯ ಕಪ್ಪುಮಣ್ಣು ಕಾಡಾಗಿ, ಕಾಡು ತೆಂಗಿನ ತೋಟವಾಗುವುದನ್ನು ಮಕ್ಕಳು ನೋಡಬೇಕು. ಮಳೆಗಾಲ ಬೇಡ, 2024ರ ಜುಲೈಯಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ಮರೆಯುವಂತಿಲ್ಲ. ಹೊಸ ವರ್ಷದ ನೂಕುನುಗ್ಗಲು ಕಳೆದ ಜನವರಿಯ ವಾರಾಂತ್ಯವೇ ಉತ್ತಮ. ಒಂದು ರಾತ್ರಿಯ ವಸತಿ ಸಾಕು. ಕಾರವಾರವು 1976ರಿಂದ ಪ್ರತ್ಯೇಕ ಧರ್ಮಕ್ಷೇತ್ರ. ಭಾನುವಾರದ ಬಲಿಪೂಜೆಗೆ ಅಲೆಯಬೇಕಾಗಿಲ್ಲ.

ಕೋಠಿಯ ಗೋಡೆಗಳನ್ನು ಹುಡುಕಿ ಹೋದವರು ನಿರಾಶರಾದಾರು. ನೋಡಬೇಕಾದುದು ಕಾಳಿ ನದಿ ಕಡಲನ್ನು ಕೂಡುವ ಸ್ಥಳ. ಹಳೆಯ ಕಾರವಾರವಿದ್ದದ್ದು ಈ ನದಿಯ ದಂಡೆಯ ಮೇಲೆ, ಈಗಿನ ಊರಿಗೆ ಮೂರು ಮೈಲಿ ಪೂರ್ವಕ್ಕೆ. ನದಿಯ ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿಯಿತು; ಪಕ್ಕದ ಹೊಸ ಸೇತುವೆಯಿಂದ ಸದಾಶಿವಗಡಕ್ಕೆ ಹೋಗಬಹುದು. ಇಪ್ಪತ್ತೆರಡರ ಹರೆಯದ ರವೀಂದ್ರನಾಥ ಟಾಗೋರರು 1883ರಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿದ್ದು ನಾಟಕವೊಂದನ್ನು ಬರೆದರು. ಕಡಲತೀರಕ್ಕೆ ಈಗ ಅವರದೇ ಹೆಸರು. ಅಲ್ಲಿ ಅಡ್ಡಾಡಲು ಖರ್ಚಿಲ್ಲ.

ದಕ್ಷಿಣಕ್ಕೆ ನೌಕಾನೆಲೆಯಿದೆ. 1986ರಲ್ಲಿ ಶಂಕುಸ್ಥಾಪನೆಯಾಗಿ 2005ರಲ್ಲಿ ಕಾರ್ಯಾರಂಭ ಮಾಡಿದ ಅದಕ್ಕಾಗಿ ಅರ್ಗಾ ಮೊದಲಾದ ಊರುಗಳ ರೈತರೂ ಮೀನುಗಾರರೂ ಮನೆ ಬಿಟ್ಟರು. ಅದರ ಒಳಗೆ ನಮಗೆ ಪ್ರವೇಶವಿಲ್ಲ. ಬೈತಖೋಲದ ಮೀನುಗಾರಿಕೆ ಬಂದರಿಗೆ ಮಾತ್ರ ಬೆಳಿಗ್ಗೆ ಬೇಗ ಹೋಗಿರಿ. ದೋಣಿಗಳು ಬರುವ ಹೊತ್ತಿಗೆ ಬುಟ್ಟಿ ಹಿಡಿದು ಕಾಯುವ ಹೆಂಗಸರೊಡನೆ ಎರಡು ಮಾತಾಡಿರಿ, ಅವರ ಹೆಸರು ಕೇಳಿರಿ. ಅನಂತರ ಹುಬ್ಬಳ್ಳಿಯ ಬಸ್ಸು ಹಿಡಿದರೆ ಕತ್ತಲಾಗುವ ಮೊದಲು ಘಟ್ಟ ಏರಬಹುದು.